ಚರ್ಮ ಬಿಗಿ ಮಾಡುವ ಯಂತ್ರ: ಹಣ ಕಟ್ಟುವ ಮುನ್ನ

ಸಹೋದರಿಯರೇ, ಮದುವೆ ಮನೆಯ ಮಾತಿನಿಂದಲೇ ಆರಂಭಿಸೋಣ. ಶಿಕಾರಿಪುರವಿರಲಿ, ಶಿರಾಳಕೊಪ್ಪವಿರಲಿ, ಸೊರಬ, ಆನವಟ್ಟಿಯಿರಲಿ, ಶಾದಿ ಮಹಲಿನಲ್ಲಿ ನಾಲ್ವರು ಹೆಂಗಸರು ಒಂದೆಡೆ ಕುಳಿತರೆ ಮೊದಲು ಬರುವ ಮಾತು ಯಾವುದು? "ಅಯ್ಯೋ, ಎಷ್ಟು ದಪ್ಪ ಆಗಿಬಿಟ್ಟಿದ್ದೀಯಲ್ಲಮ್ಮ!" "ಮೂರು ಹೆತ್ತ ಮೇಲೆ ಹೊಟ್ಟೆ ಇಳಿಯಲೇ ಇಲ್ಲವಾ?" "ಗಲ್ಲದ ಕೆಳಗೆ ಜೋತು ಬಿದ್ದಿದೆ, ವಯಸ್ಸಾಯ್ತು ಬಿಡು." ಹೇಳಿದವರು ಊಟ ಮಾಡಿ ಕೈ ತೊಳೆದುಕೊಂಡು ಮರೆತುಬಿಡುತ್ತಾರೆ. ಕೇಳಿಸಿಕೊಂಡವಳು ಮಾತ್ರ ಮರೆಯುವುದಿಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ ಕನ್ನಡಿಯ ಮುಂದೆ ನಿಲ್ಲುತ್ತಾಳೆ, ಆಮೇಲೆ ಮೊಬೈಲ್ ತೆರೆಯುತ್ತಾಳೆ. ಒಂದು ಸಲ ಹೊಟ್ಟೆ ಕರಗಿಸುವುದು ಹೇಗೆಂದು ಹುಡುಕಿದರೆ ಸಾಕು, ಮರುದಿನದಿಂದ ಜಾಹೀರಾತುಗಳ ಸುರಿಮಳೆ. ಆಪರೇಷನ್ ಇಲ್ಲ, ನೋವಿಲ್ಲ, ಒಂದೇ ಗಂಟೆಯಲ್ಲಿ ಮನೆಗೆ ಹೋಗಬಹುದು, ಆರ್‌ಎಫ್ ಯಂತ್ರದಿಂದ ಚರ್ಮ ಬಿಗಿ, ಸೊಂಟ ಸಣ್ಣ!

ಈ ಆರ್‌ಎಫ್ ಎಂದರೇನು? ಬಹಳ ಮಂದಿಗೆ ಇದು ಗೊತ್ತಿಲ್ಲ. ಗೊತ್ತಿಲ್ಲದೆಯೇ ಒಡವೆ ಗಿರವಿ ಇಟ್ಟೋ, ಸಂಘದಲ್ಲಿ ಸಾಲ ತೆಗೆದೋ ಹಣ ಕಟ್ಟಲು ಮನಸ್ಸು ಮಾಡುತ್ತಾರೆ. ಆದ್ದರಿಂದ ಅದರ ಗುಣವನ್ನೂ ಹೇಳೋಣ, ದೋಷವನ್ನೂ ಹೇಳೋಣ.

ಆರ್‌ಎಫ್ ಎಂದರೆ ರೇಡಿಯೋ ಫ್ರೀಕ್ವೆನ್ಸಿ, ಅಂದರೆ ರೇಡಿಯೋ ತರಂಗದ ಕಂಪನ. ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಸುವುದು ಸುಲಭ. ಭದ್ರಾವತಿ ಆಕಾಶವಾಣಿಯನ್ನು ನಮ್ಮ ಹಿರಿಯರು ಮೀಡಿಯಂ ವೇವ್‌ನಲ್ಲಿ 675 ಕಿಲೋಹರ್ಟ್ಸ್‌ಗೆ ಮುಳ್ಳು ತಿರುಗಿಸಿ ಕೇಳುತ್ತಿದ್ದರು. ಅಂದರೆ ಸೆಕೆಂಡಿಗೆ 6 ಲಕ್ಷದ 75 ಸಾವಿರ ಸಲ ಹಿಂದಕ್ಕೂ ಮುಂದಕ್ಕೂ ತೂಗುವ ವಿದ್ಯುತ್ ಕಂಪನ. ಚರ್ಮ ಬಿಗಿ ಮಾಡುವ ಯಂತ್ರಗಳಲ್ಲಿರುವುದೂ ಹೆಚ್ಚುಕಡಿಮೆ ಇದೇ ಬಳಗದ ಕಂಪನ. ಕೆಲವು ಯಂತ್ರಗಳಲ್ಲಿ ಸೆಕೆಂಡಿಗೆ 10 ಲಕ್ಷ ಸಲ, ಕೆಲವುಗಳಲ್ಲಿ 60-70 ಲಕ್ಷ ಸಲ. ವ್ಯತ್ಯಾಸ ಇಷ್ಟೇ: ಆಕಾಶವಾಣಿಯ ತರಂಗ ಗಾಳಿಯಲ್ಲಿ ಹಾರಿ ಬರುತ್ತದೆ, ಇಲ್ಲಿ ಯಂತ್ರದ ಹಿಡಿಯನ್ನು ಚರ್ಮಕ್ಕೆ ತಾಗಿಸಿ ವಿದ್ಯುತ್ತನ್ನು ಮೈಯೊಳಗೆ ಹಾಯಿಸುತ್ತಾರೆ. ಅಷ್ಟು ವೇಗದಲ್ಲಿ ದಿಕ್ಕು ಬದಲಿಸುವುದರಿಂದ ಶಾಕ್ ಹೊಡೆಯುವುದಿಲ್ಲ. ಆದರೆ ಚರ್ಮವೂ ಕೊಬ್ಬೂ ಅದನ್ನು ತಡೆಯುತ್ತವೆ, ಆ ತಡೆಯಿಂದ ಬಿಸಿ ಹುಟ್ಟುತ್ತದೆ. ಈ ಬಿಸಿಯೇ ಚಿಕಿತ್ಸೆ. ಎಕ್ಸ್‌ರೇಯಂತಹ ವಿಕಿರಣ ಇದರಲ್ಲಿಲ್ಲ. ಕ್ಯಾನ್ಸರ್ ಬರುತ್ತದೆಂದು ಹೆದರಿಸುವವರ ಮಾತನ್ನು ನಂಬಬೇಕಾಗಿಲ್ಲ.

ನೋಡಿದರೆ ಇದು ಹೊಸತೇನೂ ಅಲ್ಲ. 1926ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಹಾರ್ವೆ ಕುಶಿಂಗ್ ಎಂಬ ಮೆದುಳಿನ ಶಸ್ತ್ರವೈದ್ಯರು ವಿಲಿಯಂ ಬೋವಿ ಎಂಬವರು ತಯಾರಿಸಿದ ಯಂತ್ರದಿಂದ ರಕ್ತ ನಿಲ್ಲಿಸಿ ಶಸ್ತ್ರಚಿಕಿತ್ಸೆ ಮಾಡಿದರು. ಅದೂ ಇದೇ ವಿದ್ಯುತ್ತು. ಇಂದು ಆಪರೇಷನ್ ಥಿಯೇಟರಿನಲ್ಲಿ ಕಾಟರಿ ಎನ್ನುವುದು ಅದರದೇ ಸಂತತಿ. ಸಿಸೇರಿಯನ್ ಆದ ಸಹೋದರಿಯರಲ್ಲಿ ಅನೇಕರ ಮೈಗೆ ಅದು ತಿಳಿಯದೆಯೇ ತಾಗಿರುತ್ತದೆ. ಮೊಣಕಾಲು ನೋವಿಗೆ ಫಿಸಿಯೋಥೆರಪಿಯವರು ಕೊಡುವ ಬಿಸಿ ಶಾಖವೂ ಇದರ ಅಣ್ಣತಮ್ಮನೇ. ಚರ್ಮದ ಸುಕ್ಕಿಗೆ ಇದನ್ನು ಬಳಸಲು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಮೊದಲು ಒಪ್ಪಿಗೆ ಕೊಟ್ಟದ್ದು 2002ರಲ್ಲಿ, ಅದೂ ಕಣ್ಣಿನ ಸುತ್ತಲಿನ ಸುಕ್ಕಿಗೆ ಮಾತ್ರ. ಮುಖ, ಹೊಟ್ಟೆ, ತೊಡೆ ಎಲ್ಲ ಆಮೇಲಿನ ಮಾತು.

ಬಿಸಿ ತಾಗಿದರೆ ಚರ್ಮ ಹೇಗೆ ಬಿಗಿಯಾಗುತ್ತದೆ? ನಮ್ಮ ಚರ್ಮದ ಒಳಪದರದಲ್ಲಿ ಕೊಲಾಜೆನ್ ಎಂಬ ನಾರುಗಳಿವೆ. ಹೊರಸು ಮಂಚದ ಹುರಿ ಇದ್ದ ಹಾಗೆ. ಹುರಿ ಬಿಗಿಯಾಗಿದ್ದರೆ ಮಂಚ ಬಿಗಿ, ಹುರಿ ಸಡಿಲವಾದರೆ ಮಂಚ ಜೋಲು. ವಯಸ್ಸು, ಬಿಸಿಲು, ಹೆರಿಗೆ, ಒಮ್ಮೆಲೇ ದಪ್ಪವಾಗಿ ಒಮ್ಮೆಲೇ ಸಣ್ಣವಾಗುವುದು, ಇವೆಲ್ಲ ಈ ಹುರಿಯನ್ನು ಸಡಿಲ ಮಾಡುತ್ತವೆ. ಮಾಂಸದ ತುಂಡನ್ನು ಬಿಸಿ ತವೆಯ ಮೇಲೆ ಹಾಕಿದರೆ ಅದು ಮುದುಡಿಕೊಳ್ಳುವುದನ್ನು ನೀವು ದಿನವೂ ಅಡುಗೆ ಮನೆಯಲ್ಲಿ ಕಾಣುತ್ತೀರಿ. ಅದು ಕೊಲಾಜೆನ್ ಮುದುಡುವುದೇ. ಒಳಪದರ ಸುಮಾರು 60-65 ಡಿಗ್ರಿ ಬಿಸಿಯಾದಾಗ ನಾರು ಕ್ಷಣದಲ್ಲಿ ಮುದುಡುತ್ತದೆ. ಬಲವಾದ ಯಂತ್ರಗಳು ಹೊರಚರ್ಮವನ್ನು ತಂಪು ಮಾಡುತ್ತಲೇ ಒಳಗನ್ನು ಇಷ್ಟರ ಮಟ್ಟಿಗೆ ಕಾಯಿಸುತ್ತವೆ. ಸೌಮ್ಯವಾದ ಯಂತ್ರಗಳು ಚರ್ಮದ ಮೇಲ್ಮೈಯನ್ನು 40-42 ಡಿಗ್ರಿಯಲ್ಲಿ ಕೆಲವು ನಿಮಿಷ ಹಿಡಿದಿಡುತ್ತವೆ. ಎರಡರಲ್ಲೂ ಅಸಲು ಕೆಲಸ ನಡೆಯುವುದು ಆಮೇಲೆ. ಏನೋ ಗಾಯವಾಯಿತೆಂದು ಮೈ ತಿಳಿದು ಹೊಸ ಕೊಲಾಜೆನ್ ನೇಯಲು ತೊಡಗುತ್ತದೆ. ಈ ನೇಯ್ಗೆ ಮುಗಿಯಲು ಮೂರರಿಂದ ಆರು ತಿಂಗಳು ಬೇಕು.

ಈ ಲೆಕ್ಕವನ್ನು ನೆನಪಿಡಿ. ಯಂತ್ರದಿಂದ ಎದ್ದ ಕೂಡಲೇ ಕನ್ನಡಿಯಲ್ಲಿ ಕಾಣುವ ಬಿಗಿತದಲ್ಲಿ ಬಹುಪಾಲು ಬಿಸಿಗೆ ಬಂದ ಊತ. ಎರಡು ದಿನದಲ್ಲಿ ಅದು ಇಳಿಯುತ್ತದೆ. ರಮಝಾನ್ ಮುಗಿದು ಶವ್ವಾಲಿನಲ್ಲಿ ತಂಗಿಯ ನಿಕಾಹ್ ಇದೆ, ಅಷ್ಟರೊಳಗೆ ಬಿಗಿ ಆಗಬೇಕು ಎಂದು ಹೋದವರಿಗೆ ಸಿಗುವುದು ಈ ಊತ ಮಾತ್ರ. ಇದನ್ನು ಮೊದಲೇ ಹೇಳುವ ಕ್ಲಿನಿಕ್ ಒಳ್ಳೆಯ ಕ್ಲಿನಿಕ್.

ಇನ್ನು ಕೊಬ್ಬಿನ ಮಾತು. ಚರ್ಮದ ಕೆಳಗಿನ ಕೊಬ್ಬನ್ನು 43-45 ಡಿಗ್ರಿಯಲ್ಲಿ ಸಾಕಷ್ಟು ಹೊತ್ತು ಇಟ್ಟರೆ ಕೊಬ್ಬಿನ ಕಣಗಳಲ್ಲಿ ಕೆಲವು ಮುಂದಿನ ವಾರಗಳಲ್ಲಿ ಸಾಯುತ್ತವೆ, ಮೈ ಅದನ್ನು ನಿಧಾನವಾಗಿ ಹೊರಹಾಕುತ್ತದೆ. ಹಲವು ಸಲ ಹೋದರೆ ಸೊಂಟದ ಸುತ್ತಳತೆ ಒಂದೆರಡು ಸೆಂಟಿಮೀಟರ್, ಕೆಲವರಿಗೆ ತುಸು ಹೆಚ್ಚು ಇಳಿಯಬಹುದು. ತಕ್ಕಡಿಯ ಮೇಲೆ ನಿಂತರೆ ತೂಕ ಅಷ್ಟೇ ಇರುತ್ತದೆ. ತೂಕ ಇಳಿಸುವ ಯಂತ್ರ ಎಂದು ಯಾರಾದರೂ ಹೇಳಿದರೆ ಅವರು ನಿಮಗೆ ಸುಳ್ಳು ಹೇಳುತ್ತಿದ್ದಾರೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಹೊಟ್ಟೆಯ ಕೊಬ್ಬು ಎರಡು ಬಗೆ. ಕೈಯಲ್ಲಿ ಹಿಡಿದರೆ ಸಿಗುವುದು ಒಂದು, ಒಳಗೆ ಕರುಳು, ಯಕೃತ್ತಿನ ಸುತ್ತ ಕೂತಿರುವುದು ಇನ್ನೊಂದು. ಸಕ್ಕರೆ ಕಾಯಿಲೆಯನ್ನೂ ಹೃದಯದ ತೊಂದರೆಯನ್ನೂ ತರುವುದು ಹೆಚ್ಚಾಗಿ ಈ ಎರಡನೆಯದು. ಯಂತ್ರ ಅದನ್ನು ಮುಟ್ಟುವುದೂ ಇಲ್ಲ. ಭಾರತೀಯ ಮಹಿಳೆಯ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕೆಂದು ವೈದ್ಯರು ಹೇಳುತ್ತಾರೆ. ಟೈಲರ್ ಟೇಪು ಪ್ರತಿ ಮನೆಯಲ್ಲೂ ಇದೆ, ಅಳೆದು ನೋಡಿಕೊಳ್ಳಿ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗಿದ್ದರೆ, ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ, ಬ್ಯೂಟಿ ಕ್ಲಿನಿಕ್ಕಿಗೆ ಹೋಗುವ ಮೊದಲು ತಾಲೂಕು ಆಸ್ಪತ್ರೆಯಲ್ಲಿ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಆಗಲಿ.

ಹೆರಿಗೆಯ ನಂತರದ ಹೊಟ್ಟೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಮನೆಗಳಲ್ಲಿ ಹೆಚ್ಚಿನವರ ಸಂಕಟ ಇದೇ. ಬಾಣಂತನದಲ್ಲಿ ಅಜ್ಜಿಯರು ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟುತ್ತಾರೆ. ಕಟ್ಟಿಸಿಕೊಂಡರೂ ಕೆಲವರ ಹೊಟ್ಟೆ ಮುಂದೆಯೇ ಇರುತ್ತದೆ. ಆಗ "ಸರಿಯಾಗಿ ಬಾಣಂತನ ಆಗಲಿಲ್ಲ" ಎಂಬ ಆರೋಪ ತವರಿನ ಮೇಲೆ ಬರುತ್ತದೆ. ಪಾಪ, ತವರಿನವರ ತಪ್ಪೇನೂ ಇಲ್ಲ. ಹೊಟ್ಟೆಯ ಮಧ್ಯದಲ್ಲಿ ಮೇಲಿನಿಂದ ಕೆಳಕ್ಕೆ ಎರಡು ಸ್ನಾಯುಗಳು ಅಕ್ಕಪಕ್ಕ ಇವೆ. ಮಗು ಬೆಳೆದಾಗ ಅವು ಬೇರೆಯಾಗಿ ಸರಿಯುತ್ತವೆ, ಕೆಲವರಿಗೆ ಮತ್ತೆ ಕೂಡಿಕೊಳ್ಳುವುದಿಲ್ಲ. ಅಂಗಾತ ಮಲಗಿ ಮೊಣಕಾಲು ಮಡಚಿ ತಲೆ ಮಾತ್ರ ಎತ್ತಿ ನೋಡಿ. ಹೊಟ್ಟೆಯ ನಡುವೆ ದಿಣ್ಣೆಯಂತೆ ಉಬ್ಬಿದರೆ, ಅಥವಾ ಬೆರಳು ಇಳಿಯುವಷ್ಟು ಸಂದು ತಿಳಿದರೆ ಇದೇ ಇರಬಹುದು. ಹೊಕ್ಕುಳಿನ ಬಳಿ ಕೆಮ್ಮಿದಾಗ ಗಂಟು ಬಂದರೆ ಹರ್ನಿಯಾ ಇರಬಹುದು. ಇವೆರಡಕ್ಕೂ ಚರ್ಮದ ಮೇಲೆ ಬಿಸಿ ಹಾಯಿಸಿ ಪ್ರಯೋಜನವಿಲ್ಲ. ಮೊದಲನೆಯದಕ್ಕೆ ಫಿಸಿಯೋಥೆರಪಿಯವರು ಕಲಿಸುವ ವ್ಯಾಯಾಮವಿದೆ, ಖರ್ಚು ಕಡಿಮೆ. ಎರಡನೆಯದನ್ನು ಸರ್ಜನ್ ನೋಡಬೇಕು. ಸಾವಿರಾರು ರೂಪಾಯಿ ಕಟ್ಟಿ ಆರು ಸಲ ಯಂತ್ರದ ಕೆಳಗೆ ಮಲಗಿದ ಮೇಲೆ ಇದು ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾದರೆ ಒಳ್ಳೆಯದಲ್ಲವೇ?

ಹಾಗಾದರೆ ಆರ್‌ಎಫ್‌ನಿಂದ ಯಾರಿಗೆ ಉಪಯೋಗ? ಚರ್ಮ ಸ್ವಲ್ಪವೇ ಸಡಿಲವಾದವರಿಗೆ, ಮೂವತ್ತೈದು ನಲವತ್ತರ ಆಸುಪಾಸಿನಲ್ಲಿ ದವಡೆಯ ಗೆರೆ ಜಾರತೊಡಗಿದವರಿಗೆ, ತೂಕ ಒಂದೇ ಮಟ್ಟದಲ್ಲಿ ನಿಂತಿರುವವರಿಗೆ. ಅವರಿಗೂ ಬದಲಾವಣೆ ಸಾಧಾರಣವಾದದ್ದೇ. ಸಾಮಾನ್ಯವಾಗಿ ಒಂದೆರಡು ವಾರಕ್ಕೊಮ್ಮೆಯಂತೆ ನಾಲ್ಕಾರು ಸಲ ಹೋಗಬೇಕು. ವರ್ಷ ಕಳೆದ ಮೇಲೆ ವಯಸ್ಸು ತನ್ನ ಕೆಲಸ ಮುಂದುವರಿಸುತ್ತದೆ, ಮತ್ತೆ ಹೋಗಬೇಕು. ಹತ್ತಾರು ಕಿಲೋ ಇಳಿದು ಚರ್ಮ ಚೀಲದಂತೆ ಜೋತವರಿಗೆ ಇದರಿಂದ ಏನೂ ಆಗದು. ಒಂದು ಒಳ್ಳೆಯ ಗುಣವನ್ನು ಹೇಳಲೇಬೇಕು. ಲೇಸರ್ ಯಂತ್ರಗಳಲ್ಲಿ ಅನೇಕವು ಚರ್ಮದ ಬಣ್ಣವನ್ನು ಹಿಡಿದು ಕೆಲಸ ಮಾಡುತ್ತವೆ, ನಮ್ಮಂತಹ ಕಂದು ಚರ್ಮಕ್ಕೆ ಅಪಾಯ ಹೆಚ್ಚು. ಆರ್‌ಎಫ್ ಬಣ್ಣ ನೋಡುವುದಿಲ್ಲ. ಆದರೆ ಸುಟ್ಟರೆ ಮಾತ್ರ ನಮ್ಮ ಚರ್ಮದಲ್ಲಿ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಸುಡುತ್ತದೆಯೇ? ಹೌದು, ಕೆಲವೊಮ್ಮೆ ಸುಡುತ್ತದೆ. ಕೆಲವು ಗಂಟೆ ಕೆಂಪಾಗುವುದು, ಊದುವುದು ಸಾಮಾನ್ಯ. ಹಿಡಿಯನ್ನು ಒಂದೇ ಕಡೆ ನಿಲ್ಲಿಸಿದರೆ, ಚರ್ಮಕ್ಕೆ ಪೂರ್ತಿ ತಾಗಿಸದೆ ಅಂಚಿನಲ್ಲಿ ಹಿಡಿದರೆ, ಜೆಲ್ ಕಡಿಮೆಯಾದರೆ ಬೊಕ್ಕೆ ಏಳುತ್ತದೆ. ಮೊದಲ ವರ್ಷಗಳಲ್ಲಿ ಒಂದೇ ಸಲಕ್ಕೆ ಹೆಚ್ಚು ಶಕ್ತಿ ಹಾಯಿಸುತ್ತಿದ್ದರು. ಕೆಲವರ ಕೆನ್ನೆಯಲ್ಲಿ ಕೊಬ್ಬು ಕರಗಿ ಗುಳಿ ಬಿದ್ದಿತು. ಅದರಿಂದ ಪಾಠ ಕಲಿತು ಈಗ ಕಡಿಮೆ ಶಕ್ತಿಯನ್ನು ಹಲವು ಸುತ್ತು ಹಾಯಿಸುತ್ತಾರೆ. ಸಣ್ಣ ಸಣ್ಣ ಸೂಜಿಗಳನ್ನು ಚುಚ್ಚಿ ಅವುಗಳ ಮೂಲಕ ಬಿಸಿ ಕೊಡುವ ಮೈಕ್ರೋನೀಡ್ಲಿಂಗ್ ಆರ್‌ಎಫ್ ಎಂಬುದು ಇತ್ತೀಚೆಗೆ ಬಹಳ ಪ್ರಚಾರದಲ್ಲಿದೆ. ಮೊಡವೆಯ ಗುಳಿಗಳಿಗೆ ಅದರಿಂದ ಉಪಯೋಗವಿದೆ. ಆದರೆ 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಅದೇ ಇಲಾಖೆ ಅದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ಸುಟ್ಟಗಾಯ, ಕಲೆ, ಕೊಬ್ಬು ಕರಗಿ ಮುಖ ವಿಕಾರವಾಗುವುದು, ನರಕ್ಕೆ ಪೆಟ್ಟು ಇಂತಹ ದೂರುಗಳು ಬಂದಿವೆ, ಇದು ವೈದ್ಯಕೀಯ ವಿಧಾನ, ಮನೆಯಲ್ಲಿ ಮಾಡಿಕೊಳ್ಳಬಾರದು ಎಂದು ತಿಳಿಸಿತು. ಹೆರಿಗೆಯ ನಂತರ ಒಳ ಅಂಗ ಬಿಗಿಗೊಳಿಸುತ್ತೇವೆಂದು ಇಂತಹ ಯಂತ್ರಗಳನ್ನು ಬಳಸುವವರೂ ಇದ್ದಾರೆ. ನಾಚಿಕೆಯಿಂದ ಯಾರೂ ಬಾಯಿಬಿಡುವುದಿಲ್ಲ, ಆದ್ದರಿಂದ ಇಲ್ಲಿ ಹೇಳುತ್ತೇನೆ: 2018ರ ಜುಲೈಯಲ್ಲೇ ಆ ಇಲಾಖೆ ಇದರ ವಿರುದ್ಧ ಎಚ್ಚರಿಸಿದೆ. ಸುಟ್ಟಗಾಯವೂ ಮಾಸದ ನೋವೂ ಆಗಬಹುದು. ಮೂತ್ರ ಸೋರುವ ತೊಂದರೆ ಇದ್ದರೆ ಸ್ತ್ರೀರೋಗ ತಜ್ಞೆಯ ಬಳಿಗೆ ಹೋಗಿ.

ಹೃದಯಕ್ಕೆ ಪೇಸ್‌ಮೇಕರ್ ಇದ್ದವರು, ಬಸುರಿಯರು, ಬಿಸಿ ಹಾಯಿಸುವ ಜಾಗದಲ್ಲಿ ಲೋಹದ ಪ್ಲೇಟು ಸ್ಕ್ರೂ ಇದ್ದವರು ಇದರ ಹತ್ತಿರ ಹೋಗಬಾರದು. ಕಾಪರ್ ಟಿ ಹಾಕಿಸಿಕೊಂಡವರು ಹೊಟ್ಟೆಯ ಚಿಕಿತ್ಸೆಗೆ ಮೊದಲು ಅದನ್ನು ಹೇಳಲೇಬೇಕು. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದಾಗ ಹಾಕಿಸಿಕೊಂಡು ಅತ್ತೆಗೂ ತಿಳಿಸದೆ ಸುಮ್ಮನಿರುವವರು ನಮ್ಮಲ್ಲಿ ಬಹಳ. ಕೇಳಿದವರ ಮುಂದೆ ಗಂಡನಿದ್ದಾನೆ, ಅತ್ತಿಗೆ ಇದ್ದಾಳೆ ಎಂದು ಇಲ್ಲ ಎಂದುಬಿಡುತ್ತಾರೆ. ವೈದ್ಯರೊಡನೆ ಒಬ್ಬರೇ ಮಾತನಾಡಲು ಅವಕಾಶ ಕೇಳಿ. ಸಕ್ಕರೆ ಕಾಯಿಲೆಯಿಂದ ಚರ್ಮ ಜೋಮು ಹಿಡಿದವರಿಗೆ ಬಿಸಿ ಹೆಚ್ಚಾದದ್ದೇ ತಿಳಿಯದು, ಅವರಿಗೂ ಬೇಡ. ಚಿಕಿತ್ಸೆಯ ನಡುವೆ "ಸುಡುತ್ತಿದೆ" ಅನಿಸಿದರೆ ಸಂಕೋಚಪಡದೆ ಕೂಗಿ ನಿಲ್ಲಿಸಿ. ಸಹಿಸಿಕೊಂಡರೆ ಫಲ ಹೆಚ್ಚು ಎಂಬುದು ಇಲ್ಲಿ ನಡೆಯುವುದಿಲ್ಲ.

ಕರ್ನಾಟಕದ ಒಂದು ದುಃಖದ ಘಟನೆಯನ್ನು ನೀವು ಮರೆತಿರಲಾರಿರಿ. 2022ರ ಮೇ 16ರಂದು ಕನ್ನಡ ಧಾರಾವಾಹಿಗಳ ನಟಿ, 21 ವರ್ಷದ ಚೇತನಾ ರಾಜ್ ಬೆಂಗಳೂರಿನ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಬೆಳಿಗ್ಗೆ ಸೇರಿದಳು. ಸಂಜೆಗೆ ಉಸಿರಾಟದ ತೊಂದರೆಯಾಯಿತು, ಬೇರೆ ಆಸ್ಪತ್ರೆಗೆ ಸಾಗಿಸಿದರೂ ಉಳಿಯಲಿಲ್ಲ. ಮಗಳು ತಮಗೆ ತಿಳಿಸಿರಲಿಲ್ಲ, ಅಲ್ಲಿ ಬೇಕಾದ ಸೌಲಭ್ಯ ಇರಲಿಲ್ಲ ಎಂದು ಹೆತ್ತವರು ದೂರಿದರು. ಅದು ಆರ್‌ಎಫ್ ಅಲ್ಲ, ಕೊಳವೆ ತೂರಿಸಿ ಕೊಬ್ಬು ಹೀರುವ ಲೈಪೊಸಕ್ಷನ್. ಎರಡನ್ನೂ ಒಂದು ಮಾಡಿ ಹೆದರುವುದು ಸರಿಯಲ್ಲ. ಆದರೂ ಯಾಕೆ ಹೇಳುತ್ತಿದ್ದೇನೆಂದರೆ, ಈಗ ಕೆಲವೆಡೆ ಆರ್‌ಎಫ್ ಲೈಪೊ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳು ನಡೆಯುತ್ತವೆ. ಒಂದು ಚರ್ಮದ ಮೇಲಷ್ಟೇ ಹಿಡಿ ಓಡಿಸುವುದು. ಇನ್ನೊಂದು ಚರ್ಮದೊಳಗೆ ಕೊಳವೆ ತೂರಿಸಿ ಆರ್‌ಎಫ್‌ನಿಂದ ಕೊಬ್ಬು ಕರಗಿಸಿ ಹೀರುವುದು, ಅದು ಪೂರ್ತಿ ಶಸ್ತ್ರಚಿಕಿತ್ಸೆ. "ಚರ್ಮದ ಒಳಗೆ ಏನಾದರೂ ಹೋಗುತ್ತದೆಯೇ? ಅರಿವಳಿಕೆ ಕೊಡುತ್ತೀರಾ?" ಈ ಎರಡು ಪ್ರಶ್ನೆಯನ್ನು ನೇರವಾಗಿ ಕೇಳಿ. ಹೌದು ಎಂದರೆ ಅದು ಅರಿವಳಿಕೆ ತಜ್ಞರೂ ತೀವ್ರ ನಿಗಾ ಘಟಕವೂ ಇರುವ ಆಸ್ಪತ್ರೆಯಲ್ಲೇ ಆಗಬೇಕು, ಮನೆಯವರಿಗೆ ತಿಳಿದೇ ಆಗಬೇಕು. ಮನೆಯವರು ಬೈಯುತ್ತಾರೆಂದು ಗುಟ್ಟಾಗಿ ಹೋಗುವ ಹುಡುಗಿಯರು ಎಲ್ಲ ಊರಿನಲ್ಲೂ ಇದ್ದಾರೆ. ಅವರು ಗುಟ್ಟು ಮಾಡುವಂತೆ ಮಾಡಿದ್ದು ನಮ್ಮ ನಾಲಗೆಯೇ.

ಕಾನೂನಿನ ಮಾತು ಎರಡೇ ವಾಕ್ಯ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ 2007ರ ಪ್ರಕಾರ ಪ್ರತಿ ಕ್ಲಿನಿಕ್ ನೋಂದಣಿಯಾಗಿರಬೇಕು, ಪ್ರಮಾಣಪತ್ರ ಕಣ್ಣಿಗೆ ಕಾಣುವಂತೆ ತೂಗು ಹಾಕಿರಬೇಕು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಸೌಂದರ್ಯ ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಟ್ಟು, ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಸಾಲದು ಎಂದು ಸ್ಪಷ್ಟವಾಗಿ ಹೇಳಿದೆ. ಬ್ಯೂಟಿ ಪಾರ್ಲರಿನ ಕೋರ್ಸು ಮಾಡಿದವರು ಮೆಹಂದಿ ಹಚ್ಚಲಿ, ಹುಬ್ಬು ತಿದ್ದುವುದರ ಮಾತು ಬೇರೆ, ಈ ಯಂತ್ರ ಅವರ ಕೈಯದಲ್ಲ.

ಅದಿರಲಿ. "ಆಪಾ, ಇದು ಜಾಯಿಝಾ?" ಎಂದು ಕೇಳುವವರಿದ್ದಾರೆ. ನಾನು ಪಾಠ ಹೇಳುವವಳು, ಮುಫ್ತಿಯಲ್ಲ. ಆದರೆ ಮದ್ರಸದಲ್ಲಿ ಓದಿದ ಎರಡು ವಿಷಯ ಮುಂದಿಡಬಹುದು. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ(ರ) ಎಂಬ ಸಹಾಬಿ ಬೆಳ್ಳಿಯ ಮೂಗು ಇಟ್ಟುಕೊಂಡಿದ್ದರು, ಅದು ವಾಸನೆ ಬಂದಾಗ ಚಿನ್ನದ ಮೂಗು ಇಟ್ಟುಕೊಳ್ಳಲು ಪ್ರವಾದಿ(ಸ) ಅನುಮತಿ ಕೊಟ್ಟರು. ಗಂಡಸರಿಗೆ ಚಿನ್ನ ನಿಷಿದ್ಧವಾಗಿದ್ದರೂ ಕೊಟ್ಟರು. ಇನ್ನೊಂದೆಡೆ, ಚೆಲುವಿಗಾಗಿ ಹಲ್ಲು ಉಜ್ಜಿ ಸಂದು ಮಾಡಿಸಿಕೊಳ್ಳುವುದನ್ನೂ ಹಚ್ಚೆಯನ್ನೂ ಅವರು ಖಂಡಿಸಿದ್ದಾರೆ. ಕೆಟ್ಟದ್ದನ್ನು ಸರಿಪಡಿಸುವುದು ಒಂದು, ಸರಿಯಿದ್ದದ್ದನ್ನು ಬದಲಿಸುವುದು ಇನ್ನೊಂದು. 2007ರ ಜುಲೈಯಲ್ಲಿ ಮಲೇಶಿಯಾದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿ ಇದೇ ದಾರಿ ಹಿಡಿದು ತೀರ್ಮಾನ ಮಾಡಿತು. ತೂಕವೇ ಕಾಯಿಲೆಯಾಗಿದ್ದರೆ, ಬೇರೆ ದಾರಿಯಿಲ್ಲದಿದ್ದರೆ, ಹಾನಿಯಿಲ್ಲವೆಂದಾದರೆ ಕೊಬ್ಬು ಹೀರಿಸುವುದಕ್ಕೂ ಅನುಮತಿಯಿದೆ. ವಯಸ್ಸಿನ ಸುಕ್ಕನ್ನು ಶಸ್ತ್ರದಿಂದಲೋ ಚುಚ್ಚುಮದ್ದಿನಿಂದಲೋ ತೆಗೆಸುವುದಕ್ಕೆ ಇಲ್ಲ, ಅದು ರೋಗವಾಗಿದ್ದರೆ ಮಾತ್ರ ಉಂಟು. ಹೊರಗಿನಿಂದ ಬಿಸಿ ಕೊಡುವ ಈ ಯಂತ್ರ ಶಸ್ತ್ರವೂ ಅಲ್ಲ, ಚುಚ್ಚುಮದ್ದೂ ಅಲ್ಲ. ಸೂಜಿ ಚುಚ್ಚುವ ಬಗೆ ಎರಡರ ನಡುವೆ ನಿಲ್ಲುತ್ತದೆ. ನಿಮ್ಮ ಪರಿಸ್ಥಿತಿಯನ್ನು ಬಿಡಿಸಿ ಹೇಳಿ ನಿಮ್ಮೂರಿನ ಆಲಿಮರಲ್ಲಿ ಕೇಳಿಕೊಳ್ಳಿ. ಸೋಜಿಗವೆಂದರೆ ನಮ್ಮ ದೇಶದ ತೆರಿಗೆಯ ಕಾನೂನೂ ಹೆಚ್ಚುಕಡಿಮೆ ಹೀಗೆಯೇ ಗೆರೆ ಎಳೆದಿದೆ. 2017ರಲ್ಲಿ ಬಂದ ಜಿಎಸ್‌ಟಿಯಲ್ಲಿ ರೋಗಕ್ಕೆ ಮಾಡುವ ಚಿಕಿತ್ಸೆಗೆ ವಿನಾಯಿತಿಯಿದೆ, ಸೌಂದರ್ಯದ ಶಸ್ತ್ರಚಿಕಿತ್ಸೆಗೆ ಇಲ್ಲ. ಆದರೆ ಹುಟ್ಟಿನ ದೋಷವನ್ನೋ ಅಪಘಾತದ ಗಾಯವನ್ನೋ ಸರಿಪಡಿಸುವುದಾದರೆ ಉಂಟು.

ಎಲ್ಲ ತಿಳಿದ ಮೇಲೂ ಮಾಡಿಸಿಕೊಳ್ಳಬೇಕೆನಿಸಿದರೆ ಮೊದಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂತಹ ಕಡೆ ಚರ್ಮರೋಗ ವಿಭಾಗದಲ್ಲಿ ಒಮ್ಮೆ ತೋರಿಸಿ. ಅಲ್ಲಿ ನಿಮಗೆ ಪ್ಯಾಕೇಜ್ ಮಾರುವ ಅವಸರ ಯಾರಿಗೂ ಇರುವುದಿಲ್ಲ. ಖಾಸಗಿಯಲ್ಲಿ ಆರು ಸಲದ ಹಣವನ್ನು ಮೊದಲೇ ಕಟ್ಟಬೇಡಿ, ಒಂದು ಸಲದ್ದು ಕಟ್ಟಿ, ಬಿಲ್ ಪಡೆಯಿರಿ. ಬಿಲ್ ಇಲ್ಲದವರ ದೂರನ್ನು ಗ್ರಾಹಕರ ಆಯೋಗದಲ್ಲಿ ನಿಲ್ಲಿಸುವುದು ಕಷ್ಟ. ಶಿಕಾರಿಪುರದಿಂದಲೋ ಸೊರಬದಿಂದಲೋ ಆರು ಸಲ ಬಸ್ಸು ಹಿಡಿದು ಹೋಗಿ ಬರುವ ಖರ್ಚು, ಮಕ್ಕಳನ್ನು ನೆರೆಮನೆಯಲ್ಲಿ ಬಿಡುವ ತಾಪತ್ರಯ ಇವನ್ನೂ ಲೆಕ್ಕಕ್ಕೆ ಸೇರಿಸಿ.

ಹೆಂಗಸರೇ ಚಿಕಿತ್ಸೆ ಮಾಡಲಿ ಎಂದು ಕೇಳುವುದು ನಿಮ್ಮ ಹಕ್ಕು, ಜೊತೆಗೆ ಬಂದವರನ್ನು ಒಳಗೆ ಕೂರಿಸಿಕೊಳ್ಳಿ. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ತೋರಿಸಲು ಹೊಟ್ಟೆ, ತೊಡೆಯ ಫೋಟೋ ತೆಗೆಯುವುದು ಈ ಕ್ಲಿನಿಕ್ಕುಗಳ ರೂಢಿ. ಸಹಿ ಹಾಕಿಸುವ ಕಾಗದದ ಕೊನೆಯಲ್ಲಿ ಚಿತ್ರಗಳನ್ನು ಪ್ರಚಾರಕ್ಕೆ ಬಳಸಬಹುದು ಎಂಬ ಸಾಲು ಇರುವುದುಂಟು. ಓದದೆ ಸಹಿ ಹಾಕಬೇಡಿ. ಆ ಸಾಲಿದ್ದರೆ ಪೆನ್ನಿನಿಂದ ಹೊಡೆದು ಹಾಕಿ ಪಕ್ಕದಲ್ಲಿ ನಿಮ್ಮ ಸಹಿ ಮಾಡಿ, ಕಾಗದದ ಒಂದು ಪ್ರತಿಯನ್ನು ಮನೆಗೆ ತನ್ನಿ.